ಬ್ರಾಹ್ಮಿ ಎಂದರೆ ಯಾವ ಸೊಪ್ಪು?



ಈ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ನಾವು ಇಬ್ಬರಿಗೆ ಒಂದೇ ಮಾತು ಹೇಳಿ ಕಳುಹಿಸಿದ್ದೆವು: “ನಾಳೆ ಒಂದು ಹಿಡಿ ಬ್ರಾಹ್ಮಿ ಸೊಪ್ಪು ತನ್ನಿ.” ಮರುದಿನ ಸ್ಟುಡಿಯೋದ ಮೇಜಿನ ಮೇಲೆ ಎರಡು ತಟ್ಟೆಗಳು ಬಂದು ಕುಳಿತವು. ಒಂದರಲ್ಲಿ ಉದ್ದ ತೊಟ್ಟಿನ, ದುಂಡು ದುಂಡಾದ ಎಲೆಗಳು. ಇನ್ನೊಂದರಲ್ಲಿ ಉಗುರಿನಷ್ಟು ಚಿಕ್ಕ, ದಪ್ಪನೆಯ ಎಲೆಗಳ ಎಳೆ ಬಳ್ಳಿ. ತಂದವರಿಬ್ಬರೂ ತಮ್ಮದೇ ಬ್ರಾಹ್ಮಿ ಎಂದು ಪಟ್ಟು ಹಿಡಿದರು. ಕ್ಯಾಮೆರಾ ಹಿಡಿದಿದ್ದವರು “ಯಾವುದನ್ನು ತೋರಿಸಲಿ ಸಾರ್?” ಎಂದು ನನ್ನ ಮುಖ ನೋಡಿದರು. ವಿಜ್ಞಾನದ ಪದವೀಧರನಾದ ನಾನು ಪುಸ್ತಕದ ಕಪಾಟಿನ ಕಡೆಗೆ ನಡೆದೆ.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ನಮ್ಮ ದೇಶದಲ್ಲಿ ಎರಡು ಗಿಡಗಳಿಗೆ ಈ ಒಂದೇ ಹೆಸರು ಬಳಕೆಯಲ್ಲಿದೆ. ದುಂಡನೆಯ ಎಲೆಯದು ನಮ್ಮ ಒಂದೆಲಗ. ತುಳುವಿನಲ್ಲಿ ತಿಮರೆ, ಕೆಲವರ ಮನೆಮಾತಿನಲ್ಲಿ ಉರಗೆ, ಸಂಸ್ಕೃತದಲ್ಲಿ ಮಂಡೂಕಪರ್ಣಿ. ಸಸ್ಯಶಾಸ್ತ್ರದಲ್ಲಿ ಇದು ಸೆಂಟೆಲ್ಲಾ ಏಷಿಯಾಟಿಕಾ. ಚಿಕ್ಕ ಎಲೆಯದು ನೀರುಬ್ರಾಹ್ಮಿ, ಅಂದರೆ ಬಕೋಪಾ ಮೊನಿಯೇರಿ. ಎರಡಕ್ಕೂ ದೂರದ ನಂಟೂ ಇಲ್ಲ. ಒಂದೆಲಗವು ಕೊತ್ತಂಬರಿ, ಜೀರಿಗೆ, ಗಜ್ಜರಿಗಳ ಕುಟುಂಬಕ್ಕೆ ಸೇರಿದರೆ, ನೀರುಬ್ರಾಹ್ಮಿಯ ಕುಟುಂಬವೇ ಬೇರೆ. ಭಾರತದ ಆಯುರ್ವೇದ ಫಾರ್ಮಕೋಪಿಯಾ ಕೂಡ ಬ್ರಾಹ್ಮಿ ಮತ್ತು ಮಂಡೂಕಪರ್ಣಿಗಳನ್ನು ಬೇರೆ ಬೇರೆ ಗಿಡಗಳೆಂದೇ ವಿವರಿಸುತ್ತದೆ.

ಹೆಸರನ್ನು ನಂಬಿ ಸೊಪ್ಪು ಕೀಳಬಾರದು ಎಂಬ ಪಾಠ ನನಗೆ ಅಂದು ಸಿಕ್ಕಿತು. ಹಾಗಾದರೆ ಏನನ್ನು ನಂಬಬೇಕು? ಗಿಡವನ್ನು. ಗದ್ದೆಯ ಬದು, ಅಡಿಕೆ ತೋಟದ ಕಪ್ಪಿನ ಅಂಚು, ಬಾವಿಕಟ್ಟೆಯ ಸುತ್ತ, ಹೀಗೆ ತೇವವಿರುವ ಕಡೆ ಕುಕ್ಕರಗಾಲಲ್ಲಿ ಕುಳಿತು ನೋಡಿ. ಒಂದೆಲಗ ಮೇಲಕ್ಕೆ ಬೆಳೆಯುವ ಗಿಡವಲ್ಲ, ನೆಲದ ಮೇಲೆ ಹರಿಯುವಂಥದ್ದು. ದಾರದಂಥ, ಕೆಲವೊಮ್ಮೆ ಕೆಂಪು ಛಾಯೆಯ ಕಾಂಡ ಓಡುತ್ತಾ ಹೋಗಿ, ಗೆಣ್ಣು ಬಂದಲ್ಲೆಲ್ಲ ಕೆಳಗೆ ಬೇರು ಬಿಡುತ್ತದೆ, ಮೇಲಕ್ಕೆ ಎಲೆಗಳನ್ನು ಕಳುಹಿಸುತ್ತದೆ. ಪ್ರತಿ ಎಲೆಗೂ ತನ್ನದೇ ಆದ ಉದ್ದ ತೊಟ್ಟು. ಒಂದು ತೊಟ್ಟಿಗೆ ಒಂದೇ ಎಲೆ. ಹೆಸರಿನ ಗುಟ್ಟು ಅಲ್ಲಿದೆ.

ಎಲೆಯನ್ನು ತಿರುಗಿಸಿ ನೋಡಿ. ಆಕಾರ ಮೂತ್ರಪಿಂಡದಂತೆ, ಅಂಚು ಮೊನಚಿಲ್ಲದ ಕಚ್ಚುಗಳಿಂದ ಕೂಡಿದ್ದು. ಬುಡದಲ್ಲಿ ಆಳವಾದ ಸೀಳು. ತೊಟ್ಟು ಬಂದು ಸೇರುವುದು ಆ ಸೀಳಿನಲ್ಲಿಯೇ. ಇದನ್ನು ಮರೆಯಬೇಡಿ. ಮನೆಯ ನೀರಿನ ತೊಟ್ಟಿಗಳಲ್ಲಿ ಅಂದಕ್ಕೆ ಬೆಳೆಸುವ ಒಂದು ಗಿಡದ ಎಲೆಯೂ ದುಂಡಗೆ, ಹಸಿರಾಗಿ ಮೋಸಗೊಳಿಸುವಂತಿರುತ್ತದೆ. ಆದರೆ ಅದರ ತೊಟ್ಟು ಎಲೆಯ ನಟ್ಟನಡುವೆ, ಕೊಡೆಗೆ ಕಡ್ಡಿ ಸಿಕ್ಕಿಸಿದಂತೆ ಸೇರಿರುತ್ತದೆ. ಅದು ಒಂದೆಲಗವಲ್ಲ. ಇನ್ನೊಂದು ಇಲಿಕಿವಿ ಎಂಬ ಬಳ್ಳಿ. ಎಲೆ ಹೆಚ್ಚುಕಡಿಮೆ ಇದೇ ಆಕಾರ. ಆದರೆ ಅದು ಹಳದಿ ಬಣ್ಣದ, ಗಂಟೆಯಂಥ ಹೂ ಬಿಡುತ್ತದೆ. ಒಂದೆಲಗದ ಹೂವನ್ನು ನೋಡಿದವರೇ ಕಡಿಮೆ. ನಸುಗೆಂಪು ಬಣ್ಣದ, ಸಾಸಿವೆಯಷ್ಟು ಸಣ್ಣ ಹೂಗಳು ಮೂರೋ ನಾಲ್ಕೋ ಒಟ್ಟಾಗಿ, ಎಲೆಗಳ ಕೆಳಗೆ, ಮಣ್ಣಿಗೆ ತಾಗಿಕೊಂಡೇ ಇರುತ್ತವೆ.

ಎಲೆ ಹಿಸುಕಿದರೆ ಕೊತ್ತಂಬರಿ ಕುಟುಂಬದ ಮಂದವಾದ ಪರಿಮಳವಿರುತ್ತದೆ. ಆದರೆ ಕೊತ್ತಂಬರಿಯ ನೆಂಟ ಎಂದ ಮಾತ್ರಕ್ಕೆ ತಿನ್ನಲು ಯೋಗ್ಯ ಎಂದುಕೊಳ್ಳಬೇಡಿ. ಸಾಕ್ರೆಟಿಸ್ ಕುಡಿದ ಹೆಮ್‌ಲಾಕ್ ವಿಷವೂ ಇದೇ ಕುಟುಂಬದ ಗಿಡದ್ದು! ಕಾಂಡ, ತೊಟ್ಟು, ಅಂಚು, ಹೂ ಎಲ್ಲವೂ ತಾಳೆಯಾದರೆ ಮಾತ್ರ ಕೈ ಹಾಕಿ. ಮೊದಲ ಸಲವಂತೂ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಎಲ್ಲಿ ಕೀಳಬೇಕು ಎಂಬುದೂ ಅಷ್ಟೇ ಮುಖ್ಯ. ಬಚ್ಚಲ ನೀರು ಹರಿಯುವಲ್ಲಿ, ಊರ ಚರಂಡಿಯ ಬದಿಯಲ್ಲಿ ಇದು ಸೊಂಪಾಗಿ ಬೆಳೆದಿರುತ್ತದೆ. ಅಲ್ಲಿಯದು ಬೇಡ. ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನೂ ಈ ಗಿಡ ಹೀರಿಕೊಳ್ಳಬಲ್ಲದು. ಹಾಗೆ ಒಳಸೇರಿದ್ದು ಎಷ್ಟು ತೊಳೆದರೂ ಹೋಗದು. ಕಳೆನಾಶಕ ಸಿಂಪಡಿಸಿದ ಬದುವಿನದೂ ಬೇಡ.

ಇನ್ನು ಅಡುಗೆಮನೆಗೆ ಬನ್ನಿ. ಮಲೆನಾಡು, ಕರಾವಳಿಯವರಿಗೆ ಒಂದೆಲಗದ ತಂಬುಳಿಯನ್ನು ಹೊಸದಾಗಿ ಪರಿಚಯಿಸಬೇಕಿಲ್ಲ. ಬಯಲುಸೀಮೆಯ ಮಿತ್ರರಿಗಾಗಿ ಹೇಳುತ್ತೇನೆ. ಇಪ್ಪತ್ತು ಇಪ್ಪತ್ತೈದು ಎಲೆಗಳನ್ನು ಎರಡು ಮೂರು ನೀರಿನಲ್ಲಿ ತೊಳೆಯಿರಿ. ಸ್ವಲ್ಪ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು ಹುರಿದು, ಅದರಲ್ಲೇ ಎಲೆಗಳನ್ನು ಬಾಡಿಸಿ. ಒಂದು ಹಿಡಿ ತೆಂಗಿನ ತುರಿಯೊಂದಿಗೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ಮತ್ತೆ ಕುದಿಸಬಾರದು. ಊಟದ ಮೊದಲ ತುತ್ತಿಗೆ ಬಿಸಿ ಅನ್ನದ ಜೊತೆ ಕಲಸಿಕೊಂಡರೆ ಸೊಗಸು. ಶ್ರೀಲಂಕಾದವರು ಇದನ್ನು ಗೊಟುಕೊಲ ಎನ್ನುತ್ತಾರೆ. ಸಣ್ಣಗೆ ಹೆಚ್ಚಿ ತೆಂಗಿನ ತುರಿಯೊಂದಿಗೆ ಹಸಿಯಾಗಿಯೂ ತಿನ್ನುತ್ತಾರೆ, ಗಂಜಿಗೂ ಹಾಕುತ್ತಾರೆ.

ಈಗ ನೀವು ಕೇಳಬೇಕೆಂದಿರುವ ಪ್ರಶ್ನೆ. ಇದನ್ನು ತಿಂದರೆ ನೆನಪಿನ ಶಕ್ತಿ ಹೆಚ್ಚುತ್ತದೆಯೇ? ಪರೀಕ್ಷೆ ಹತ್ತಿರ ಬಂದಂತೆ ಬ್ರಾಹ್ಮಿ ಮಾತ್ರೆ, ಬ್ರಾಹ್ಮಿ ಪಾನಕಗಳ ಜಾಹೀರಾತುಗಳು ಹೆಚ್ಚುವುದನ್ನು ನೀವೂ ಗಮನಿಸಿರುತ್ತೀರಿ. ನಮ್ಮ ಎರಡು ತಟ್ಟೆಗಳ ಗೊಂದಲ ಇಲ್ಲಿ ತಮಾಷೆಯಾಗಿ ಉಳಿಯುವುದಿಲ್ಲ. 2001 ಮತ್ತು 2002ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ವಯಸ್ಕರಿಗೆ ಸುಮಾರು ಮೂರು ತಿಂಗಳ ಕಾಲ ಸಾರ ಕೊಟ್ಟು, ಕಲಿಕೆ ಮತ್ತು ನೆನಪಿನಲ್ಲಿ ಕೆಲವು ಪ್ರಯೋಜನಗಳನ್ನು ಕಂಡದ್ದು ನೀರುಬ್ರಾಹ್ಮಿಯಲ್ಲಿ. ಒಂದೆಲಗದ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಮರ್ಶೆಯಲ್ಲಿ, ನೆನಪು ಮತ್ತು ಗ್ರಹಣಶಕ್ತಿ ಹೆಚ್ಚಿತೆನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಒಂದು ಎಲೆಯ ಮೇಲಿನ ಪ್ರಯೋಗ ತೋರಿಸಿ ಇನ್ನೊಂದು ಎಲೆಯನ್ನು ಮಾರುವುದು ಸುಲಭ, ಹೆಸರು ಒಂದೇ ಇರುವಾಗ. ಡಬ್ಬಿಯ ಮೇಲೆ ಸಸ್ಯಶಾಸ್ತ್ರದ ಹೆಸರು ಬರೆದಿದೆಯೇ, ಮೊದಲು ನೋಡಿ.

ಒಂದೆಲಗದ ಗಟ್ಟಿ ಕೀರ್ತಿ ಬೇರೆಡೆ ಇದೆ. ಅದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಸಂಯುಕ್ತ ಗಾಯ ಮಾಯುವಾಗ ಚರ್ಮದ ಕೊಲಾಜೆನ್ ಪ್ರೋಟೀನು ಹೆಚ್ಚಾಗಿ ತಯಾರಾಗಲು ನೆರವಾಗುತ್ತದೆ. ಈ ಸಂಯುಕ್ತಗಳಿರುವ ಮುಲಾಮುಗಳು ಹಲವು ದೇಶಗಳಲ್ಲಿವೆ. ಹಾಗೆಂದು ಗಾಯದ ಮೇಲೆ ಗದ್ದೆಯ ಸೊಪ್ಪು ಅರೆದು ಮೆತ್ತಬೇಡಿ. ಮಣ್ಣಿನ ರೋಗಾಣುಗಳೂ ಜೊತೆಗೆ ಬರುತ್ತವೆ.

ವಾರಕ್ಕೆ ಒಂದೆರಡು ಸಲದ ತಂಬುಳಿ ಆಹಾರ. ಸಾರದ ಮಾತ್ರೆಗಳನ್ನು ವಾರಗಟ್ಟಲೆ ನುಂಗುವುದು ಬೇರೆ ವಿಷಯ. ಅರ್ಜೆಂಟೀನಾದ ವೈದ್ಯರು 2005ರಲ್ಲಿ ವರದಿ ಮಾಡಿದಂತೆ, ಅಂಥ ಮಾತ್ರೆ ಸೇವಿಸಿದ ಮೂವರು ಮಹಿಳೆಯರಿಗೆ 20ರಿಂದ 60 ದಿನಗಳೊಳಗೆ ಯಕೃತ್ತಿನ ತೊಂದರೆ, ಕಾಮಾಲೆ ಕಾಣಿಸಿತ್ತು. ಮಾತ್ರೆ ನಿಲ್ಲಿಸಿದ ಮೇಲೆ ಚೇತರಿಸಿಕೊಂಡರು. ಯಕೃತ್ತಿನ ಕಾಯಿಲೆಯವರು, ಗರ್ಭಿಣಿಯರು, ನಿದ್ರೆಯ ಔಷಧ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಶುದ್ಧವಾದ ಸೊಪ್ಪು ಬೇಕೆಂದರೆ ಮನೆಯಲ್ಲೇ ಬೆಳೆಸಿ. ಬೇರು ಬಿಟ್ಟ ಒಂದು ಗೆಣ್ಣನ್ನು ಎರಡು ಎಲೆ ಸಹಿತ ತಂದು, ಅಗಲ ಬಾಯಿಯ ಕುಂಡದಲ್ಲಿ ನೆಡಿ. ಅರೆನೆರಳಿರಲಿ, ಮಣ್ಣು ಒಣಗದಿರಲಿ. ಚರಂಡಿ ಬದಿಯ ಗಿಡವನ್ನು ಮಾತ್ರ ತರಬೇಡಿ. ಕುಂಡ ತುಂಬಿದ ಮೇಲೆ ಹೊರಗಿನ ಎಲೆಗಳನ್ನು ತೊಟ್ಟಿನ ಸಹಿತ ಚಿವುಟಿ. ಗೆಣ್ಣು ಉಳಿದರೆ ಮತ್ತೆ ಚಿಗುರುತ್ತದೆ.