ಸೃಷ್ಟಿಪಾಲನೆ ಮತ್ತು ನಮ್ಮ ದಿನಚರಿ

(ಶತಮಾನೋತ್ಸವದ ಅಂಗವಾಗಿ ಮೈಸೂರಿನ ಸಿದ್ಧಾರ್ಥನಗರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಒಂದು ಧರ್ಮಕೇಂದ್ರಕ್ಕೆ ನೂರು ವರ್ಷ ತುಂಬುವುದು ದೇವರ ಕೃಪೆಯ ಕುರುಹು. ಇಂತಹ ಸಂದರ್ಭದಲ್ಲಿ ನಮ್ಮ ಹಿರಿಯರು ಕಟ್ಟಿಹೋದ ಗೋಡೆ, ಗೋಪುರ, ಗಂಟೆಗಳನ್ನು ನೆನೆಯುವುದು ವಾಡಿಕೆ. ಅವರು ನಮಗೆ ಬಿಟ್ಟುಹೋದ ಇನ್ನೊಂದು ಆಸ್ತಿಯೂ ಉಂಟು. ಅದು ಅವರ ಬಾಳಿನ ಮಿತವ್ಯಯ. ಅಕ್ಕಿ ತೊಳೆದ ನೀರು ಕಲಗಚ್ಚಾಗಿ ಹಸುವಿಗೆ ಸಲ್ಲುತ್ತಿತ್ತು. ಬಚ್ಚಲ ನೀರು ಹಿತ್ತಿಲ ಬಾಳೆಯ ಬುಡಕ್ಕೆ ಹರಿಯುತ್ತಿತ್ತು. ಹಳೆಯ ಸೀರೆ ಕೌದಿಯಾಗಿ ಮಕ್ಕಳ ಚಳಿಯನ್ನು ನೀಗುತ್ತಿತ್ತು. ಎಣ್ಣೆಗೆ ಸೀಸೆ, ದಿನಸಿಗೆ ಬಟ್ಟೆಯ ಚೀಲ ಹಿಡಿದೇ ಅಂಗಡಿಗೆ ಹೋಗುತ್ತಿದ್ದರು. ‘ಪರಿಸರ ಸಂರಕ್ಷಣೆ’ ಎಂಬ ಮಾತನ್ನು ಅವರು ಕೇಳಿರಲಿಲ್ಲ. ಆದರೂ ಅವರ ಮನೆಯಿಂದ ಹೊರಬೀಳುತ್ತಿದ್ದ ಕಸ ಅತ್ಯಲ್ಪವಾಗಿತ್ತು. ಬಡತನವೂ ಇದಕ್ಕೆ ಕಾರಣವಾಗಿದ್ದಿರಬಹುದು. ಆದರೆ ಆ ಬಡತನದೊಳಗೆ ಒಂದು ಭಕ್ತಿಯೂ ಇತ್ತು. ದೇವರು ಕೊಟ್ಟದ್ದನ್ನು ಹಾಳುಮಾಡಬಾರದೆಂಬ ಅಂಜಿಕೆ ಇತ್ತು.

ಕಸ, ನೀರು, ಗಿಡಮರಗಳ ಮಾತು ನಗರಪಾಲಿಕೆಗೆ ಸೇರಿದ್ದಲ್ಲವೇ, ಅದಕ್ಕೂ ದೇವಾಲಯಕ್ಕೂ ಏನು ಸಂಬಂಧ ಎಂದು ಕೆಲವರು ಕೇಳುವುದುಂಟು. ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸ ಸಂಗ್ರಹವನ್ನು ಹೇಳುವಾಗ ನಾವು ಮೊಟ್ಟಮೊದಲು ಒಪ್ಪಿಕೊಳ್ಳುವುದು ದೇವರು ಭೂಮ್ಯಾಕಾಶಗಳ ಸೃಷ್ಟಿಕರ್ತರೆಂಬುದನ್ನು. ಆದಿಕಾಂಡದ ಪ್ರಕಾರ ಮಾನವನನ್ನು ತೋಟದಲ್ಲಿ ಇರಿಸಿದ್ದು ಅದನ್ನು ಉತ್ತು ಕಾಯುವುದಕ್ಕೆ. ಐದು ಜವೆಗೋಧಿಯ ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಜನರನ್ನು ತಣಿಸಿದ ಪ್ರಭು ಯೇಸುವು, ಊಟವಾದ ಮೇಲೆ ಏನೂ ವ್ಯರ್ಥವಾಗದಂತೆ ಉಳಿದ ತುಣುಕುಗಳನ್ನು ಕೂಡಿಸಿರೆಂದು ಶಿಷ್ಯರಿಗೆ ಅಪ್ಪಣೆ ಮಾಡಿದರೆಂದು ಸಂತ ಯೊವಾನ್ನರು ಬರೆದಿದ್ದಾರೆ. ಬೇಕಾದಷ್ಟು ರೊಟ್ಟಿಯನ್ನು ಮತ್ತೆ ಸೃಷ್ಟಿಸಬಲ್ಲ ಪ್ರಭುವೇ ತುಣುಕುಗಳ ವಿಷಯದಲ್ಲಿ ಅಷ್ಟು ಕಾಳಜಿ ವಹಿಸಿದರೆಂಬುದು ನಾವು ಆಲೋಚಿಸತಕ್ಕ ಸಂಗತಿ.

ಜಗದ್ಗುರು ಎರಡನೆಯ ಜಾನ್ ಪೌಲರು 1979ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರದ ಪಾಲಕ ಸಂತರೆಂದು ಘೋಷಿಸಿದರು. ಅದೇ ಸಂತರ ಹೆಸರನ್ನು ಧರಿಸಿದ ಜಗದ್ಗುರು ಫ್ರಾನ್ಸಿಸರು 2015ರ ಮೇ 24ರಂದು ‘ಲೌದಾತೊ ಸೀ’ ಎಂಬ ಪರಿಪತ್ರವನ್ನು ಬರೆದು, ಈ ಭೂಮಿಯನ್ನು ನಮ್ಮೆಲ್ಲರ ಒಂದೇ ಮನೆಯೆಂದು ಕರೆದರು. 2025ರ ಏಪ್ರಿಲ್‌ನಲ್ಲಿ ಅವರು ದೈವಾಧೀನರಾದರು, ಪತ್ರ ಉಳಿದಿದೆ. ಅದರಲ್ಲಿ ಅವರು ಸಾಮ್ರಾಜ್ಯಗಳಿಗೂ ಕಾರ್ಖಾನೆಗಳಿಗೂ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಪ್ಲಾಸ್ಟಿಕ್ಕನ್ನು ದೂರವಿಡುವುದು, ನೀರನ್ನು ಹಿತಮಿತವಾಗಿ ಬಳಸುವುದು, ಕಸವನ್ನು ಬೇರ್ಪಡಿಸುವುದು, ತಿನ್ನುವಷ್ಟನ್ನೇ ಬೇಯಿಸುವುದು, ಬೇಡದ ದೀಪವನ್ನು ಆರಿಸುವುದು, ಗಿಡ ನೆಡುವುದು ಎಂಬ ಅಡುಗೆಮನೆ ಅಂಗಳಗಳ ಸಣ್ಣ ಕೆಲಸಗಳನ್ನು ಒಂದೊಂದಾಗಿ ಎಣಿಸಿದರು. 1897ರಲ್ಲಿ ಇಪ್ಪತ್ತನಾಲ್ಕನೆಯ ವಯಸ್ಸಿಗೇ ಮಡಿದ, ಸಣ್ಣ ಕೆಲಸಗಳನ್ನು ಪ್ರೀತಿಯಿಂದ ಮಾಡಿಯೇ ಸಂತಪದವಿಗೇರಿದ ಲಿಸಿಯೂವಿನ ತೆರೇಸಮ್ಮನವರನ್ನೂ ಆ ಪತ್ರ ನೆನೆಯುತ್ತದೆ.

ಸಣ್ಣ ಕೆಲಸಗಳಿಂದ ಏನಾದೀತು ಎಂಬ ಸಂದೇಹಕ್ಕೆ ನಮ್ಮ ಊರಿನಲ್ಲಿಯೇ ಉತ್ತರವಿದೆ.

1898ರಲ್ಲಿ ಮೈಸೂರಿಗೆ ಪ್ಲೇಗು ಬಂದಿತು. ಗಾಳಿ ಬೆಳಕಿಲ್ಲದ ಓಣಿಗಳಲ್ಲಿ, ಕೊಳಕು ನಿಂತ ಚರಂಡಿಗಳ ಪಕ್ಕದಲ್ಲಿ ವಾಸಿಸುತ್ತಿದ್ದವರು ಗುಂಪುಗುಂಪಾಗಿ ಊರು ಬಿಡಬೇಕಾಯಿತು. ಆ ಕಷ್ಟದಿಂದ ಪಾಠ ಕಲಿತೇ 1903ರಲ್ಲಿ ನಗರಾಭಿವೃದ್ಧಿಗಾಗಿ ವಿಶ್ವಸ್ತ ಮಂಡಲಿಯೊಂದನ್ನು ರಚಿಸಲಾಯಿತು. ಅಗಲವಾದ ಬೀದಿಗಳೂ ಹೊಸ ಬಡಾವಣೆಗಳೂ ಆ ಬಳಿಕ ಬಂದವು. ನೈರ್ಮಲ್ಯಕ್ಕೆ ಹೆಸರಾದ ಈ ನಗರ 2015ರಲ್ಲಿಯೂ 2016ರಲ್ಲಿಯೂ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಸ್ಥಾನವನ್ನು ಪಡೆಯಿತು, 2017ರಲ್ಲಿ ಐದನೆಯದಾಯಿತು. ಆ ಕೀರ್ತಿಯ ಬಹುಪಾಲು ಸಲ್ಲತಕ್ಕದ್ದು ಮುಂಜಾನೆ ನಾವು ಏಳುವ ಮೊದಲೇ ಬೀದಿಗಿಳಿಯುವ ಪೌರಕಾರ್ಮಿಕರಿಗೆ.

ಆದರೆ ಬೀದಿ ಸ್ವಚ್ಛವಾದ ಮಾತ್ರಕ್ಕೆ ಕಸ ಇಲ್ಲವಾಯಿತೆ? ಈ ನಗರದಲ್ಲಿ ದಿನವೊಂದಕ್ಕೆ ನಾನೂರು ಟನ್ನಿಗೂ ಮಿಕ್ಕಿ ಕಸ ಹುಟ್ಟುತ್ತದೆ. ನಾವು ‘ಹೊರಗೆ ಎಸೆದೆವು’ ಎನ್ನುತ್ತೇವೆ. ಆ ‘ಹೊರಗೆ’ ಎಂಬುದಕ್ಕೆ ಒಂದು ವಿಳಾಸವಿದೆ. ದಶಕಗಳ ಕಾಲ ಈ ಊರಿನ ಕಸದ ದೊಡ್ಡ ಭಾಗ ಹೋಗಿ ಬಿದ್ದದ್ದು ವಿದ್ಯಾರಣ್ಯಪುರದ ಬಳಿ, ಸೂಯೇಜ್ ಫಾರಂ ಎಂದು ಜನ ಕರೆಯುವ ಸ್ಥಳದಲ್ಲಿ. ಅಲ್ಲಿ ಗೊಬ್ಬರದ ಘಟಕವಿದ್ದರೂ, ಬೆರಕೆಯಾಗಿ ಬಂದ ಕಸ ಲಕ್ಷಗಟ್ಟಲೆ ಟನ್ನಿನ ಗುಡ್ಡವಾಗಿ ಬೆಳೆಯಿತು. ಸುತ್ತಲಿನ ಬಡಾವಣೆಗಳ ಜನ ದುರ್ವಾಸನೆಗೂ ನೊಣಕ್ಕೂ, ಕಸಕ್ಕೆ ಬೆಂಕಿ ಬಿದ್ದಾಗ ಹೊಗೆಗೂ ಈಡಾಗಿ ವರ್ಷಗಟ್ಟಲೆ ಮೊರೆಯಿಟ್ಟರು. ಸಿದ್ಧಾರ್ಥನಗರದಿಂದ ಅದು ಕೆಲವೇ ಕಿಲೋಮೀಟರುಗಳ ದೂರ. ನಡುವೆ ಇರುವುದು ಚಾಮುಂಡಿ ಬೆಟ್ಟದ ತಪ್ಪಲು ಮಾತ್ರ. ನನ್ನ ನೆರೆಯವನು ಯಾರೆಂದು ಧರ್ಮಶಾಸ್ತ್ರಿ ಕೇಳಿದಾಗ ಪ್ರಭು ಸಮಾರಿಯದವನ ಸಾಮತಿಯನ್ನು ಹೇಳಿದರು. ಇಂದು ಅದೇ ಪ್ರಶ್ನೆಯನ್ನು ನಾವು ಕೇಳಿದರೆ, ನಮ್ಮ ಮನೆಯ ಕಸ ಯಾರ ಕಿಟಕಿಯ ಮುಂದೆ ಕೊಳೆಯುತ್ತಿದೆಯೋ ಅವರೇ ನಮ್ಮ ನೆರೆಯವರು ಎಂಬ ಉತ್ತರ ಬಂದೀತು.

ಕಸ ಗುಡ್ಡವಾಗುವುದಕ್ಕೆ ಮುಖ್ಯ ಕಾರಣ ಅದರ ಪ್ರಮಾಣವೊಂದೇ ಅಲ್ಲ, ಅದರ ಬೆರಕೆ. ತರಕಾರಿಯ ಸಿಪ್ಪೆ, ಎಂಜಲು ಅನ್ನ, ಒಣ ಎಲೆಗಳು ಪ್ರತ್ಯೇಕವಾಗಿದ್ದರೆ ಎರಡು ಮೂರು ತಿಂಗಳಲ್ಲಿ ಗೊಬ್ಬರವಾಗುತ್ತವೆ. ಕಾಗದ, ಸೀಸೆ, ಡಬ್ಬಗಳು ಶುಚಿಯಾಗಿದ್ದರೆ ಗುಜರಿಯವರಿಗೆ ಬೇಕಾದ ಸಾಮಗ್ರಿ. ಎರಡನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಗಂಟು ಹಾಕಿದೊಡನೆ ಎರಡೂ ಕೆಡುತ್ತವೆ. ಗಾಳಿಯಾಡದೆ ಕೊಳೆತ ಹಸಿಕಸ ನಾರುತ್ತದೆ. ಅದರಿಂದ ಬರುವ ಮೀಥೇನ್ ಅನಿಲ ಬೆಂಕಿಗೂ ಭೂಮಿಯ ತಾಪಕ್ಕೂ ಇಂಬಾಗುತ್ತದೆ. ಕೊನೆಗೆ ಯಾರೋ ಒಬ್ಬ ತಾಯಿ ಆ ಗಂಟನ್ನು ಬಿಚ್ಚಿ ಕೈಯಿಂದಲೇ ವಿಂಗಡಿಸಬೇಕಾಗುತ್ತದೆ. ಒಡೆದ ಗಾಜು, ಬಳಸಿದ ಬ್ಲೇಡು, ಸೂಜಿ, ರೋಗಿಯ ಗಾಯದ ಬಟ್ಟೆ ಎಲ್ಲವೂ ಆಕೆಯ ಬೆರಳಿಗೆ ತಗಲುತ್ತವೆ. ಕಸವನ್ನು ಹಸಿ, ಒಣ, ಅಪಾಯಕರ ಎಂದು ಮೂರಾಗಿ ಬೇರ್ಪಡಿಸಬೇಕೆಂದು 2016ರ ಕೇಂದ್ರ ನಿಯಮಗಳೇ ವಿಧಿಸಿದವು. ಕಾನೂನಿಗೂ ಮೊದಲು ಆ ತಾಯಿಯ ಬೆರಳುಗಳನ್ನು ನೆನೆಯುವುದು ಕ್ರೈಸ್ತರಾದ ನಮಗೆ ತಕ್ಕುದು. ನಗರದ ಕುಂಬಾರಕೊಪ್ಪಲಿನಲ್ಲಿ ನಾಗರಿಕರೂ ಮಹಿಳಾ ಸಂಘದವರೂ ಕೂಡಿ ನಡೆಸಿದ ಶೂನ್ಯ ತ್ಯಾಜ್ಯ ಘಟಕವು, ಬೇರ್ಪಡಿಸಿದ ಕಸ ಗೊಬ್ಬರವೂ ಹಣವೂ ಆಗಬಲ್ಲುದೆಂದು ತೋರಿಸಿಕೊಟ್ಟಿದೆ.

ಆದುದರಿಂದ ನಮ್ಮ ಮೊದಲನೆಯ ಅಭ್ಯಾಸ ಇದಾಗಲಿ: ಅಡುಗೆಮನೆಯಲ್ಲಿ ಎರಡು ಬುಟ್ಟಿ, ಅಪಾಯಕರ ವಸ್ತುಗಳಿಗೆ ಕಾಗದ ಸುತ್ತಿದ ಒಂದು ಪೊಟ್ಟಣ. ಅಂಗಳವುಳ್ಳವರು ಒಂದು ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಬಹುದು. ಇಲ್ಲದವರಿಗೆ ತೂತು ಕೊರೆದ ಮಣ್ಣಿನ ಮಡಕೆಯೂ ಸಾಕು. ಒಣಗಿದ ಎಲೆಗಳಿಗೆ ಬೆಂಕಿ ಹಚ್ಚುವ ರೂಢಿಯನ್ನು ಬಿಟ್ಟು, ಹಸಿಕಸದ ಮೇಲೆ ಒಂದೊಂದು ಪದರವಾಗಿ ಹರಡಿದರೆ ವಾಸನೆಯೂ ಬಾರದು.

ಎರಡನೆಯದು ನೀರು. ಮೈಸೂರಿನವರು ಕುಡಿಯುವುದು ಕಾವೇರಿ ಮತ್ತು ಕಬಿನಿಯ ನೀರನ್ನು. ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಿಂದ ಅದು ತಾನಾಗಿ ಹರಿದು ಬರುವುದಿಲ್ಲ. ವಿದ್ಯುತ್ತಿನ ಬಲದಿಂದ ಮೇಲಕ್ಕೆತ್ತಿ ತರಬೇಕು. ನಲ್ಲಿ ಸೋರಿದರೆ ನೀರಿನೊಡನೆ ವಿದ್ಯುತ್ತೂ ಸೋರುತ್ತದೆ. ಸೆಕೆಂಡಿಗೆ ಒಂದು ಹನಿಯೆಂದರೂ ದಿನಕ್ಕೆ 86,400 ಹನಿಗಳು. ಹೆಚ್ಚುಕಡಿಮೆ ಒಂದು ಬಿಂದಿಗೆ. ನಾಲ್ಕಾಣೆ ಬೆಲೆಯ ವಾಷರಿನ ಕಾಲ ಮುಗಿದಿದೆ, ನಿಜ. ಆದರೂ ಅದರ ಇಂದಿನ ಬೆಲೆ ಯಾರಿಗೂ ಹೊರೆಯಲ್ಲ. ಇನ್ನು ಆಕಾಶದಿಂದ ಬೀಳುವ ನೀರು. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆ. ನೂರು ಚದರ ಮೀಟರಿನ ತಾರಸಿಯ ಮೇಲೆ ಇದು 80,000 ಲೀಟರು. ಅದರಲ್ಲಿ ಅರ್ಧವನ್ನು ತೊಟ್ಟಿಗೋ ಇಂಗುಗುಂಡಿಗೋ ಇಳಿಸಿದರೂ ಬೇಸಗೆಯ ಬವಣೆ ತಗ್ಗೀತು.

ಬೆಟ್ಟದ ತಪ್ಪಲಿನಲ್ಲಿ ಬಿದ್ದ ಮಳೆ ಹರಿದು ಸೇರುವ ಕಾರಂಜಿ ಕೆರೆ ನಮ್ಮ ಮಗ್ಗುಲಲ್ಲೇ ಇದೆ. 1976ರಲ್ಲಿ ಮೃಗಾಲಯದ ವಶಕ್ಕೆ ಬಂದ ಆ ಕೆರೆ, ಹೊಲಸು ನೀರು ಸೇರಿ ಸೇರಿ ಒಂದು ಕಾಲಕ್ಕೆ ಮೂಗು ಮುಚ್ಚಿಕೊಳ್ಳುವ ಸ್ಥಿತಿಗೆ ಬಂದಿತ್ತು. ಹೊಲಸಿನ ಹರಿವನ್ನು ತಿರುಗಿಸಿ, ಹೂಳು ತೆಗೆದು, 2004ರಲ್ಲಿ ಜನರಿಗೆ ತೆರೆದ ಮೇಲೆ ಇಂದು ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಇಳಿಯುತ್ತವೆ. ಕೆಟ್ಟದ್ದು ಮತ್ತೆ ಚೇತರಿಸಬಲ್ಲುದೆಂಬ ಭರವಸೆಗೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ. ಆದರೆ ಮಳೆಗಾಲುವೆಗೆ ನಾವು ಬಿಸಾಡಿದ ಚೀಲ ಹೋಗಿ ಸೇರುವುದೂ ನೀರು ಹರಿಯುವ ದಾರಿಯಲ್ಲಿಯೇ ಎಂಬುದನ್ನು ಮರೆಯಲಾಗದು.

ಮೂರನೆಯದು ನಮ್ಮ ಹಬ್ಬಗಳು. ಇಲ್ಲಿ ಸ್ವಲ್ಪ ನಿಷ್ಠುರವಾಗಿ ಮಾತನಾಡಬೇಕಾಗಿದೆ. ಪಾಲಕ ಸಂತರ ಹಬ್ಬದ ಮರುದಿನ ದೇವಾಲಯದ ಅಂಗಳವನ್ನು ನೋಡಿದರೆ ಹಿಂದಿನ ರಾತ್ರಿ ಅಲ್ಲಿ ಜಪಸರದ ಮೆರವಣಿಗೆ ನಡೆಯಿತೆಂದು ಯಾರು ನಂಬಿಯಾರು? ನೀರಿನ ಪೊಟ್ಟಣ, ಪ್ಲಾಸ್ಟಿಕ್ ಲೋಟ, ಥರ್ಮೋಕೋಲ್ ಚೂರು, ಹರಿದ ಫ್ಲೆಕ್ಸ್! ಕರ್ನಾಟಕ ಸರ್ಕಾರವು 2016ರಲ್ಲಿಯೂ, ಕೇಂದ್ರ ಸರ್ಕಾರವು 2022ರ ಜುಲೈ 1ರಿಂದಲೂ ಇಂತಹ ಬಹುತೇಕ ವಸ್ತುಗಳನ್ನು ನಿಷೇಧಿಸಿವೆ. ಬಾಳೆಯ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆಗಳು ನಮ್ಮ ನಾಡಿನವೇ. ತಳಿರು ತೋರಣಕ್ಕೂ ಮಲ್ಲಿಗೆಗೂ ಇರುವ ಶೋಭೆ ಪ್ಲಾಸ್ಟಿಕ್ ಹೂವಿಗೆ ಉಂಟೇ? ನವೆಂಬರ್ 2ರಂದು ಸಮಾಧಿಗಳ ಮೇಲಿಡುವ ಪ್ಲಾಸ್ಟಿಕ್ ಹಾರ, ನಾವೂ ಮಣ್ಣಾದ ಮೇಲೆ ಮಣ್ಣಾಗದೆ ಉಳಿಯುತ್ತದೆ. ಮದುವೆ, ನಾಮಕರಣ, ಪ್ರಥಮ ಪರಮಪ್ರಸಾದದ ಔತಣಗಳಲ್ಲಿ ಎಲೆಯಲ್ಲಿ ಉಳಿಸಿದ ಅನ್ನವನ್ನು ಚೆಲ್ಲುವಾಗ, ಹನ್ನೆರಡು ಬುಟ್ಟಿ ತುಣುಕುಗಳನ್ನು ಕೂಡಿಸಿಟ್ಟ ಪ್ರಭುವಿನ ಮುಖ ನೆನಪಾಗಬೇಕು. ತಪಸ್ಸುಕಾಲದಲ್ಲಿ ಮಾಂಸವನ್ನು ವರ್ಜಿಸುವಂತೆ ಪ್ಲಾಸ್ಟಿಕ್ಕನ್ನೂ ನಲವತ್ತು ದಿನ ವರ್ಜಿಸಿ ನೋಡೋಣ. ಬಿಟ್ಟದ್ದನ್ನು ಮತ್ತೆ ಹಿಡಿಯಬೇಕೆಂಬ ಆಸೆ ಪಾಸ್ಕ ಹಬ್ಬದ ಹೊತ್ತಿಗೆ ಉಳಿಯಲಾರದು.

ಕೊನೆಯದು ಗಿಡಮರ. ಸಸಿ ನೆಟ್ಟು ಭಾವಚಿತ್ರ ತೆಗೆಸಿಕೊಳ್ಳುವ ಸಮಾರಂಭಗಳು ನಮ್ಮಲ್ಲಿ ಕಡಿಮೆಯಿಲ್ಲ. ಸಾಲುಮರದ ತಿಮ್ಮಕ್ಕನವರು ಮಾಡಿದ್ದು ಅದಕ್ಕಿಂತ ಬೇರೆ. ಹುಲಿಕಲ್ಲಿಗೂ ಕುದೂರಿಗೂ ನಡುವೆ, ಸುಮಾರು ನಾಲ್ಕು ಕಿಲೋಮೀಟರ್ ದಾರಿಯುದ್ದಕ್ಕೂ, ಗಂಡನೊಡನೆ ಕೂಡಿ ಆಲದ ಸಸಿಗಳನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು, ಮುಳ್ಳಿನ ಬೇಲಿ ಕಟ್ಟಿ ಮಕ್ಕಳಂತೆ ಸಾಕಿದರು. ಓದು ಬರಹ ಅರಿಯದ ಆ ತಾಯಿಗೆ 2019ರಲ್ಲಿ ಪದ್ಮಶ್ರೀ ಸಂದಿತು. ನೆಡುವುದು ಒಂದು ದಿನದ ಕೆಲಸ, ನೀರೆರೆಯುವುದು ಅಭ್ಯಾಸ. ನಮ್ಮ ಧರ್ಮಕೇಂದ್ರದಲ್ಲಿ ದೀಕ್ಷಾಸ್ನಾನ ಪಡೆದ ಪ್ರತಿ ಮಗುವಿನ ಹೆಸರಿನಲ್ಲಿ ಒಂದು ಹೊಂಗೆಯನ್ನೋ ಬೇವನ್ನೋ ನೆಟ್ಟು, ಮೂರು ಬೇಸಗೆ ದಾಟುವವರೆಗೆ ಆ ಕುಟುಂಬವೇ ಅದನ್ನು ನೋಡಿಕೊಳ್ಳಲಿ. ಮಗುವೂ ಮರವೂ ಒಟ್ಟಿಗೆ ಬೆಳೆಯಲಿ.

ಪ್ರಿಯ ಬಂಧುಗಳೇ, ಪ್ರತಿ ರಾತ್ರಿ ಮಲಗುವ ಮುನ್ನ ಆತ್ಮಶೋಧನೆ ಮಾಡಿಕೊಳ್ಳಬೇಕೆಂದು ನಮಗೆ ಬಾಲ್ಯದಿಂದ ಕಲಿಸಲಾಗಿದೆ. ಇಂದು ನಾನು ಎಸೆದದ್ದು ಯಾರ ಬಾಗಿಲಿಗೆ ಹೋಯಿತು, ಇಂದು ನಾನು ಚೆಲ್ಲಿದ್ದು ಯಾರ ಬಿಂದಿಗೆಯ ನೀರು, ಎಂಬ ಎರಡು ಪ್ರಶ್ನೆಗಳನ್ನು ಅದಕ್ಕೆ ಸೇರಿಸಿಕೊಳ್ಳೋಣ. ಇನ್ನು ನೂರು ವರ್ಷಗಳ ಬಳಿಕ ಈ ದೇವಾಲಯದ ದ್ವಿಶತಮಾನೋತ್ಸವ ನಡೆಯುವಾಗ ನಮ್ಮ ಹೆಸರುಗಳನ್ನು ಯಾರೂ ಅರಿಯರು. ಆದರೆ ಅಂದಿನ ಮಕ್ಕಳು ನಾವು ನೆಟ್ಟ ಮರದ ನೆರಳಿನಲ್ಲಿ ನಿಂತು, ಶುದ್ಧವಾದ ನೀರನ್ನು ಕುಡಿದು, ಭೂಮ್ಯಾಕಾಶಗಳ ಕರ್ತನನ್ನು ಸ್ತುತಿಸುವಂತಾದರೆ ಅದೇ ನಮ್ಮ ಶತಮಾನೋತ್ಸವದ ಸಾರ್ಥಕ್ಯ. ಆ ಕೃಪೆಯನ್ನು ದಯಾಮಯನಾದ ದೇವರು ಮಾತೆ ಮರಿಯಮ್ಮನವರ ಬಿನ್ನಹದ ಮೂಲಕ ನಮಗೆಲ್ಲರಿಗೂ ಅನುಗ್ರಹಿಸಲಿ.