ನಮ್ಮ ಬಡಾವಣೆ, ನಮ್ಮ ಹೊಣೆ
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ವಾಸವಾಗಿರುವುದು ಬೆಂಗಳೂರಿನ ಫ್ರೇಜರ್ ಟೌನ್‌ನಲ್ಲಿ. ನಿಮ್ಮಲ್ಲಿ ಅನೇಕರು ಅದನ್ನು ರಂಜಾನ್ ಸಂಜೆಗಳ ಸಮೋಸ, ಹಲೀಮ್‌ಗಳಿಂದ ಬಲ್ಲಿರಿ. ಇಂದು ಅಲ್ಲಿನ ಮರಗಳ ಮತ್ತು ನೆರೆಹೊರೆಯವರ ವಿಷಯವಾಗಿ ಎರಡು ಮಾತು ಹೇಳಬಯಸುತ್ತೇನೆ.

1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಇಕ್ಕಟ್ಟಾದ ಕೇರಿಗಳಲ್ಲಿ ಜನ ಬಹಳ ನೊಂದರು. ಆ ಪಾಠದಿಂದಲೇ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಗಾಳಿ, ಬೆಳಕು, ಅಗಲ ರಸ್ತೆಗಳಿರುವ ಈ ಬಡಾವಣೆ ಹುಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗೆ ಪಾಠ ಹೇಳಿದ ಸ್ಟುವರ್ಟ್ ಫ್ರೇಜರ್ ಅವರ ಹೆಸರನ್ನು ಅದಕ್ಕಿಟ್ಟರು. ಈಗಿನ ಹೆಸರು ಪುಲಕೇಶಿನಗರ. ಒಂದು ಮೇಷ್ಟ್ರ ಹೆಸರು, ಇನ್ನೊಂದು ಬಾದಾಮಿಯ ಚಾಲುಕ್ಯ ದೊರೆಯದು. ಕನ್ನಡ ಮೇಷ್ಟ್ರಾದ ನನಗೆ ಎರಡೂ ಪ್ರಿಯವೇ!

ಇಲ್ಲಿ ಹಾಜಿ ಸರ್ ಇಸ್ಮಾಯಿಲ್ ಸೇಟ್ ಮಸೀದಿಯ ಅಜಾನ್ ಕೇಳುತ್ತದೆ, ಚರ್ಚಿನ ಗಂಟೆಯೂ ಕೇಳುತ್ತದೆ. 1902ರಲ್ಲಿ ಆರಂಭವಾದ ಆಲ್ಬರ್ಟ್ ಬೇಕರಿಯಲ್ಲಿ ರಂಜಾನ್‌ಗೆ ಖೀಮಾ ಸಮೋಸ, ಗುಡ್ ಫ್ರೈಡೇಗೆ ಶಿಲುಬೆ ಗುರುತಿನ ಬನ್ನು. ಒಂದೇ ಬೀದಿಯಲ್ಲಿ ಉರ್ದು, ತಮಿಳು, ಕನ್ನಡ, ಮಲಯಾಳಂ. ಮರಗಳೂ ಹಾಗೆಯೇ. ಗುಲ್‌ಮೊಹರ್ ಮಡಗಾಸ್ಕರ್‌ನದು, ಮಳೆಮರ ದಕ್ಷಿಣ ಅಮೆರಿಕದ್ದು, ಹೊಂಗೆ ನಮ್ಮ ನೆಲದ್ದೇ. ನೆರಳಿನಲ್ಲಿ ನಿಂತವನು ಮರದ ಊರನ್ನು ಕೇಳುವುದಿಲ್ಲ.

ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಒಂದೇ ಬೀದಿಯಲ್ಲಿ ಇರುವುದು ಬೇರೆ, ಒಬ್ಬರನ್ನೊಬ್ಬರು ಅರಿತು ಬಾಳುವುದು ಬೇರೆ. ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ನಮ್ಮ ಅಡ್ಡರಸ್ತೆಯ ಹಳೆಯ ಮಳೆಮರವನ್ನು ಕಡಿದರು. ಗರಗಸದ ಸದ್ದಿಗೆ ಎಲ್ಲರೂ ಗೇಟಿನ ತನಕ ಬಂದೆವು, ನೋಡಿದೆವು, ಒಳಗೆ ಹೋದೆವು. ನಾನೂ ಹೋದೆ. ಅದರ ಕೆಳಗೆ ಹೂ ಮಾರುತ್ತಿದ್ದ ಅಮ್ಮ ಒಂದು ವಾರ ಕೊಡೆ ಹಿಡಿದು ಕುಳಿತರು. ಆಮೇಲೆ ಬರಲಿಲ್ಲ. ಅವರ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮುಂದಿನ ವರ್ಷ ಪಕ್ಕದ ಹೊಂಗೆಮರದ ಸರದಿ ಬಂದಿದೆಯೆಂದು ತಿಳಿಯಿತು. ಆಗ ಎದುರು ಮನೆಯ ತಮಿಳು ಮಾತಾಡುವ ನಿವೃತ್ತ ನರ್ಸಮ್ಮನವರು ಬಂದು, "ಮೇಷ್ಟ್ರೇ, ನೀವು ಕನ್ನಡ ಪಾಠ ಮಾಡ್ತೀರಲ್ಲ, ಒಂದು ಅರ್ಜಿ ಬರೆದುಕೊಡಿ" ಎಂದರು. ನನಗೆ ನಾಚಿಕೆಯಾಯಿತು. ತರಗತಿಯಲ್ಲಿ ವರ್ಷವರ್ಷವೂ ಅರ್ಜಿ ಬರೆಸುತ್ತೇನೆ, ಅಂಕ ಹಾಕುತ್ತೇನೆ. ಒಂದನ್ನಾದರೂ ಕಚೇರಿಗೆ ಕೊಟ್ಟವನಲ್ಲ.

ನಮ್ಮ ಬೀದಿಯ ಮೂವರು ವಿದ್ಯಾರ್ಥಿಗಳನ್ನು ಕರೆದೆ. ಅವರಲ್ಲೊಬ್ಬ, "ಸರ್, ಕನ್ನಡ ಪಾಸಾಗೋಕೆ ಮಾತ್ರ" ಎನ್ನುತ್ತಿದ್ದವನು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ ಎಂದು ವಿವರಿಸಿದೆ. ಅರ್ಜಿಯನ್ನು ಅವನೇ ಬರೆದ. ನಾನು ತಿದ್ದಿದ್ದು ಎರಡು ಒತ್ತಕ್ಷರ ಮಾತ್ರ. ಮಕ್ಕಳು ಮನೆಮನೆಗೆ ಹೋಗಿ ಸಹಿ ಪಡೆದರು. ಹುಟ್ಟಿದಂದಿನಿಂದ ಕಂಡ ಮನೆಗಳೊಳಗೆ ಅವರು ಕಾಲಿಟ್ಟದ್ದು ಅಂದೇ ಮೊದಲು. ಅಧಿಕಾರಿಗಳು ಬಂದು ನೋಡಿ, ಒಣ ಕೊಂಬೆಗಳನ್ನಷ್ಟೇ ತೆಗೆಸಿದರು. ಹೊಂಗೆ ಇಂದಿಗೂ ನಿಂತಿದೆ. ಆ ಹುಡುಗ ಈಗ ಹಾದಿಯಲ್ಲಿ ನರ್ಸಮ್ಮನವರ ಕೈಚೀಲ ಹಿಡಿದು ನಡೆಯುವುದನ್ನು ನೋಡುತ್ತೇನೆ.

ವಿದ್ಯಾರ್ಥಿಗಳೇ, ಉರ್ದು ನಮ್ಮ ಮನೆಯ ಮಾತು, ಅದನ್ನು ಕಳೆದುಕೊಳ್ಳಬೇಡಿ. ಕನ್ನಡ ನಮ್ಮ ಬೀದಿಯ, ಕಚೇರಿಯ, ನಾಡಿನ ಮಾತು. ಅದು ಬಾರದಿದ್ದರೆ ನಮ್ಮ ಮನೆ ಮುಂದಿನ ಮರದ ಪರವಾಗಿಯೂ ನಾವು ಮಾತಾಡಲಾರೆವು. ಇನ್ನೊಂದು ಕೋರಿಕೆ. ಹಬ್ಬದ ಸಂಜೆ ತಿಂದು ಎಸೆದ ತಟ್ಟೆ, ಲೋಟಗಳು ಅದೇ ಮರಗಳ ಬುಡದಲ್ಲಿ ಬೀಳುತ್ತವೆ. ಬೆಳಿಗ್ಗೆ ಅವನ್ನು ನೋಡುವವರು ನಮ್ಮ ನೆರೆಯವರು. ಪಡೋಸಿಯ ಹಕ್ಕಿನ ಬಗ್ಗೆ ಮನೆಯಲ್ಲಿ ಕಲಿತಿದ್ದೇವಲ್ಲವೇ? ಅದು ಇಲ್ಲಿಂದಲೇ ಶುರುವಾಗಲಿ.

ಇಂದು ಮನೆಗೆ ಹೋದ ಮೇಲೆ ನಿಮ್ಮ ಬೀದಿಯ ಒಂದು ಮರದ ಹೆಸರನ್ನೂ, ಅದರ ಕೆಳಗೆ ಕೂರುವ ಒಬ್ಬರ ಹೆಸರನ್ನೂ ಕೇಳಿ ತಿಳಿಯಿರಿ.