ಊರ ಬಚ್ಚಲ ನೀರು ಮತ್ತು ಶೌಚಗುಂಡಿಯ ಗೊಬ್ಬರ



ಮಾರತ್ತಹಳ್ಳಿಗೆ ನೆರೆಯಾದ ಬೆಳ್ಳಂದೂರು ಕೆರೆಯ ಕೋಡಿನೀರು ವರ್ತೂರು ಕೆರೆಗೆ ಹರಿದು, ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಯನ್ನು ಸೇರುವುದು ಈ ಸೀಮೆಯವರಾದ ತಮಗೆ ತಿಳಿದೇ ಇದೆ. ಹಿಂದೆ ಈ ಕೆರೆಗಳ ಕೆಳಗೆ ಬತ್ತ ಬೆಳೆಯುತ್ತಿದ್ದರು. ಪಟ್ಟಣದ ಕೊಳೆನೀರು ಶುದ್ಧಿಯಾಗದೆ ಕಾಲುವೆಗೆ ಬೀಳುತ್ತ ಬಂದು, 2015, 2017, 2018ನೆಯ ಇಸವಿಗಳಲ್ಲಿ ಬೆಳ್ಳಂದೂರು ಕೆರೆಯಲ್ಲಿ ಬೆಂಕಿಯೇ ಕಾಣಿಸಿಕೊಂಡಿತು. ಸಾಬೂನಿನ ನೊರೆ ರಸ್ತೆಯ ಮೇಲೆ ಹಾರಾಡಿತು. ಪಟ್ಟಣದ ಮಾತು ದೊಡ್ಡದು. ಇನ್ನೂರು ಮನೆಯ ಹಳ್ಳಿಯಲ್ಲಿ ಇದೇ ಕೇಡು ಒಂದು ಚರಂಡಿಯಿಂದ ಮೊದಲಾಗುತ್ತದೆ, ಅಲ್ಲಿಯೇ ಅದನ್ನು ತಡೆಯುವುದು ಸುಲಭವೂ ಹೌದು.

ಬಚ್ಚಲ ನೀರನ್ನೂ ಶೌಚದ ನೀರನ್ನೂ ಎಂದಿಗೂ ಕೂಡಿಸತಕ್ಕದ್ದಲ್ಲ. ಅಡಿಗೆಮನೆ, ಸ್ನಾನದ ಮನೆಗಳ ನೀರನ್ನು ಮೊದಲು ಚಿಕ್ಕ ತೊಟ್ಟಿಯಲ್ಲಿ ನಿಲ್ಲಿಸಿದರೆ ಜಿಡ್ಡು ಮೇಲೆ ತೇಲಿ, ಗಸಿ ತಳಕ್ಕೆ ಇಳಿಯುತ್ತದೆ. ನಡುವಿನ ತಿಳಿಯನ್ನು ಜಲ್ಲಿ ತುಂಬಿ ಜೊಂಡು ನೆಟ್ಟ ಪಾತಿಯ ಮೂಲಕ ಹಾಯಿಸಬೇಕು. ಕಲ್ಲಿಗೂ ಬೇರಿಗೂ ಅಂಟಿಕೊಂಡ ಸೂಕ್ಷ್ಮಜೀವಿಗಳು ಕೊಳೆಯನ್ನು ಅರಗಿಸಿಬಿಡುತ್ತವೆ. ನೀರು ಜಲ್ಲಿಯ ಮೇಲೆ ನಿಲ್ಲದೆ ಒಳಗೊಳಗೇ ಹರಿಯಬೇಕು, ಇಲ್ಲವಾದರೆ ಸೊಳ್ಳೆಗೆ ಮನೆ ಕಟ್ಟಿಕೊಟ್ಟಂತಾದೀತು. ಹೊರಬಂದ ನೀರು ಬಾಳೆಗೂ ತೆಂಗಿಗೂ ಆಗುತ್ತದೆ. ತೊಟ್ಟಿಯ ಜಿಡ್ಡನ್ನು ತಪ್ಪದೆ ತೆಗೆಯುತ್ತಿರಬೇಕು. ಇಂಥ ಏರ್ಪಾಡುಗಳು ಕೆಡುವುದು ಬಹುಮಟ್ಟಿಗೆ ಈ ಒಂದು ಉದಾಸೀನದಿಂದಲೇ.

ಇನ್ನು ಶೌಚಗುಂಡಿ. ಪಟ್ಟಣದ ಸುತ್ತಿನ ರೈತರು ಗುಂಡಿ ತೋಡುವ ಲಾರಿಗಳಿಂದ ಹಸಿ ಮಲವನ್ನು ಹೊಲಕ್ಕೆ ಬಿಡಿಸಿಕೊಳ್ಳುವುದುಂಟು. ಅದರ ಸಾರವನ್ನು ಅರಿತೇ ಹಾಗೆ ಮಾಡುತ್ತಾರೆ. ಅವರನ್ನು ಅಜ್ಞಾನಿಗಳೆಂದು ಹಳಿಯುವುದು ಸರಿಯಲ್ಲ. ಆದರೆ ಹಸಿ ಮಲದಲ್ಲಿ ಜಂತುಹುಳುವಿನ ಮೊಟ್ಟೆಗಳು ಬಹುಕಾಲ ಬದುಕಿರುತ್ತವೆ, ಬರಿಗಾಲಲ್ಲಿ ಗೆಯ್ಯುವವನಿಗೆ ಕೊಕ್ಕೆಹುಳುವೂ ಹತ್ತುತ್ತದೆ. ಬೇಕಾದುದು ಕಾಲಾವಕಾಶ.

1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಡಾಕ್ಟರ್ ಸಿ. ಎನ್. ಆಚಾರ್ಯರು ಇದಕ್ಕೊಂದು ಕ್ರಮವನ್ನು ರೂಪಿಸಿದರು. ಸುಮಾರು ಮೂರು ಅಡಿ ಆಳದ ಗುಂಡಿಯಲ್ಲಿ ಕಸಕಡ್ಡಿಯನ್ನೂ ಮಲವನ್ನೂ ಪದರಪದರವಾಗಿ ಹರಡಿ, ಮೇಲೆ ಮಣ್ಣು ಮೆತ್ತಿ ತಿಂಗಳುಗಟ್ಟಲೆ ಬಿಡುವುದು. ಲೋಕದಲ್ಲಿ ಇದು ‘ಬೆಂಗಳೂರು ಪದ್ಧತಿ’ ಎಂದೇ ಹೆಸರಾಯಿತು. ಆದರೆ ಮಲವನ್ನು ಮನುಷ್ಯನ ಕೈಯಿಂದ ಎತ್ತಿಸುವುದು 2013ರ ಶಾಸನದಂತೆ ಅಪರಾಧ. ಗುಂಡಿಯ ವಿಷವಾಯುವಿನಿಂದ ಪ್ರಾಣಗಳು ಹೋಗಿವೆ. ಯಾರನ್ನೂ, ಎಷ್ಟು ಕೂಲಿಗಾದರೂ, ಇಳಿಸಕೂಡದು.

ದೇವನಹಳ್ಳಿಯಲ್ಲಿ 2015ರಲ್ಲಿ ಸ್ಥಾಪಿತವಾದ ಘಟಕವು ಇದೇ ತತ್ತ್ವವನ್ನು ಯಂತ್ರವಾಹನದ ಸಹಾಯದಿಂದ ನಡೆಸಿ ತೋರಿಸಿತು. ದಿನಕ್ಕೆ 6,000 ಲೀಟರ್ ಗುಂಡಿ ಮಲವನ್ನು ಸಂಸ್ಕರಿಸುವಂತೆ ಅದನ್ನು ಕಟ್ಟಿದರು. ಗಟ್ಟಿಯನ್ನು ಕೊಳೆಯಿಸಿ, ಹಾಸಿನ ಮೇಲೆ ಒಣಗಿಸಿ, ಊರಿನ ಹಸಿಕಸದೊಡನೆ ಗೊಬ್ಬರ ಮಾಡುವುದು. ತಿಳಿಯನ್ನು ಜಲ್ಲಿಯ ಪಾತಿಗೆ ಬಿಡುವುದು.

ಅಷ್ಟು ಅನುಕೂಲವಿಲ್ಲದ ಹಳ್ಳಿಗೆ ಜೋಡಿಗುಂಡಿಯ ಶೌಚಾಲಯವೇ ಸಾಕು. ಒಂದು ತುಂಬಿದಾಗ ಮುಚ್ಚಿ, ಮಗ್ಗುಲಿನದನ್ನು ಬಳಸುವುದು. ಮುಚ್ಚಿದ್ದನ್ನು ಎರಡು ವರ್ಷ ಮುಟ್ಟದಿರುವುದು. ಆಮೇಲೆ ತೆರೆದರೆ ವಾಸನೆಯಿಲ್ಲದ ಕಪ್ಪು ಮಣ್ಣು ದೊರೆಯುತ್ತದೆ. ಗುಂಡಿಯು ಕುಡಿಯುವ ಬಾವಿಗೆ ಐವತ್ತು ಅಡಿಗಿಂತ ಸಮೀಪವಾಗಲಿ, ಬಾವಿಗಿಂತ ಮೇಲುಮಟ್ಟದಲ್ಲಾಗಲಿ ಇರಕೂಡದು. ಗೊಬ್ಬರವನ್ನು ತೆಂಗು, ಬಾಳೆ, ಹಿಪ್ಪುನೇರಳೆಗಳ ಬುಡಕ್ಕೆ ಹಾಕಿ ಮಣ್ಣು ಮುಚ್ಚಬೇಕು. ಹಸಿಯಾಗಿ ತಿನ್ನುವ ಕೊತ್ತಂಬರಿ, ಮೂಲಂಗಿಯ ಮಡಿಗಳಿಗೆ ಬೇಡ.